ಗುಡ್ಡೆಯ ದಾರಿಯನ್ನು ಆಡುಗಳು ತಿಂದ ಬಗ್ಗೆ

ಇಂದ,
ಅಲಿಕುಂಞಿ,
ಗ್ಯಾರೇಜು ಮಾಲಕ ಮತ್ತು ಮುಖ್ಯ ಮೆಕ್ಯಾನಿಕ್, ಸತ್ವಾ, ದುಬೈ
(ಕಾರಿನ ಎಸಿಯ ಸದ್ದು ಕೇಳಿಯೇ ರೋಗ ಹೇಳುವ, ಇಡೀ ದುಬೈಯ ಏಕೈಕ ವ್ಯಕ್ತಿ).
ಹಾಲಿ ಮೊಕ್ಕಾಂ: ಹತ್ತಾ ಎಂಬ ಗುಡ್ಡೆಯೂರಿನ ಹೋಟೆಲಿನ ಪಾರ್ಕಿಂಗ್, ವ್ಯಾನಿನ ಒಳಗೆ.

ಗೆ,
ಶ್ರೀ ಆಶ್ಲೆ ಪಿಂಟೊ,
ಅಧ್ಯಕ್ಷರು, ಗುಡ್ಡೆ-ಗ್ಲಾಸು ಬಳಗ, ದುಬೈ.
ಹಾಲಿ ಮೊಕ್ಕಾಂ: ಅದೇ ಹೋಟೆಲಿನ ಪಬ್ಬು, ಕಿಟಕಿ ಪಕ್ಕದ ಮೇಜು.

ವಿಷಯ: ದಾರಿ ಹಾಕುವ ಹಕ್ಕನ್ನು ಅರ್ಜಿದಾರನಿಗೆ ಮರಳಿ ಕೊಡುವ ಬಗ್ಗೆ ಮತ್ತು ಬಳಗದ ಒಂದು ನಡಿಗೆಯನ್ನಾದರೂ ಚಾದಂಗಡಿಯಲ್ಲಿ ಮುಗಿಸುವ ಬಗ್ಗೆ.

ಉಲ್ಲೇಖ: 1. ಬಳಗದ ವಾಟ್ಸಾಪ್ ಗುಂಪಿನಲ್ಲಿ ತಾವು ಹೊರಡಿಸಿದ ವಾಯ್ಸ್ ಮೆಸೇಜ್ ಆದೇಶ (ಹಿನ್ನೆಲೆಯಲ್ಲಿ ಗ್ಲಾಸುಗಳ ಸದ್ದು ಇದೆ).
2. ಸದರಿ ಆದೇಶಕ್ಕೆ ಬಳಗದ ಸದಸ್ಯ ಶ್ರೀ ಸೇಸಪ್ಪನವರು ಒತ್ತಿದ ಮೆಚ್ಚುಗೆಯ ಹೆಬ್ಬೆರಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರನು ತಮ್ಮ ಅವಗಾಹನೆಗೆ ತರುವುದೇನೆಂದರೆ, ತಾವು ಮೇಜಿನ ಮೇಲಿನ ಕಡಲೆಯ ತಟ್ಟೆಯನ್ನು ಒಂದು ಕ್ಷಣ ಪಕ್ಕಕ್ಕೆ ಸರಿಸಿ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು.

1. ಅರ್ಜಿದಾರನು ಬಳಗ ಹುಟ್ಟಿದಂದಿನಿಂದಲೂ ಅದರ ಸದಸ್ಯ. ಹತ್ತಾದಲ್ಲಿ ಅವನು ಏರದ ಗುಡ್ಡೆ ಇಲ್ಲ. ಇದೆಯೆಂದು ಯಾರಾದರೂ ಹೇಳಿದರೆ ಅದು ಗುಡ್ಡೆಯಲ್ಲ, ಮೊನ್ನೆ ಮೊನ್ನೆ ಲಾರಿಯವರು ತಂದು ಸುರಿದ ಮಣ್ಣು. ಅಲ್ ಕುದ್ರಾದ ಸೈಕಲ್ ಹಾದಿಯಲ್ಲಿ ಅವನು ಬರುವುದನ್ನು ಕಂಡು ಎದುರುಗಾಳಿಯೇ ದಾರಿ ಬಿಟ್ಟದ್ದುಂಟು. ಓಟದಲ್ಲಿ ಮಾತ್ರ ಅವನು ಎಲ್ಲರಿಗಿಂತ ಹಿಂದೆ ಇರುತ್ತಾನೆ. ಕಾರಣ, ಮುಂದೆ ಹೋದರೆ ಉಳಿದವರ ಮನಸ್ಸು ನೋಯುತ್ತದೆ.

2. ಬಳಗದ ನಿಯಮ ಒಂದೇ. ನಡೆಯಲಿ, ಓಡಲಿ, ಸೈಕಲ್ ತುಳಿಯಲಿ, ಮುಗಿಯುವುದು ಪಬ್ಬಿನಲ್ಲಿ. ಅರ್ಜಿದಾರನು ಕುಡಿಯುವವನಲ್ಲ, ಕುಡಿಯುವ ಮೇಜಿನಲ್ಲಿ ಕೂರುವವನೂ ಅಲ್ಲ. ಈ ದೇಶದಲ್ಲಿ ಒಂದು ಗುಟುಕು ಕುಡಿದು ಸ್ಟೇರಿಂಗ್ ಮುಟ್ಟಿದರೂ ಖಲಾಸ್. ಆದ್ದರಿಂದ ಬಳಗವು ಅರ್ಜಿದಾರನ ನಂಬಿಕೆಯನ್ನು ತುಂಬು ಹೃದಯದಿಂದ ಗೌರವಿಸಿ, ವ್ಯಾನಿನ ಕೀಯನ್ನು ಅವನ ಕೈಯಲ್ಲಿಟ್ಟಿತು.

3. ಪರಿಣಾಮವಾಗಿ, ನಡಿಗೆ ಎಲ್ಲರಿಗೂ ಮೇಜಿನಲ್ಲಿ ಮುಗಿದರೆ ಅರ್ಜಿದಾರನಿಗೆ ಪಾರ್ಕಿಂಗಿನಲ್ಲಿ ಮುಗಿಯುತ್ತದೆ. ಇದು ಹಸಿವಿನ ದೂರಲ್ಲ, ಹೆಂಡತಿ ಝುಲೈಖ ಕಟ್ಟಿಕೊಟ್ಟ ಬುತ್ತಿ ಇದೆ. ತೊಂದರೆ ಬೇರೆ. ಗುಡ್ಡೆ ಹತ್ತುವುದು ಬೆಳಿಗ್ಗೆ. ಆದರೆ ಆ ಗುಡ್ಡೆ ನಿಜವಾದ ಎತ್ತರಕ್ಕೆ ಬೆಳೆಯುವುದು ಮಧ್ಯಾಹ್ನ, ಮೇಜಿನ ಸುತ್ತ. ಕಾಲ ಬಳಿ ಹರಿದ ಅರಣೆ ಹೆಬ್ಬಾವಾಗುವುದು ಅಲ್ಲಿ. ಮೊಣಕಾಲು ತರಚಿದವನು ಪ್ರಪಾತದಿಂದ ಬದುಕಿ ಬಂದವನಾಗುವುದು ಅಲ್ಲಿ. ಈ ಕೆಲಸದಲ್ಲಿ ಅರ್ಜಿದಾರನಷ್ಟು ಕೈ ಪಳಗಿದವರು ಒಮಾನಿನಿಂದ ಕುವೈತಿನ ತನಕ ಹುಡುಕಿದರೂ ಸಿಗಲಾರರು. ಅಂಥವನನ್ನು ಪಾರ್ಕಿಂಗಿನಲ್ಲಿ ಕೂರಿಸುವುದೆಂದರೆ ಮದುವೆ ಮನೆಯಲ್ಲಿ ಬಿರಿಯಾನಿ ಭಟ್ಟಿಯವನನ್ನು ಚಪ್ಪಲಿ ಕಾಯಲಿಕ್ಕೆ ನಿಲ್ಲಿಸಿದಂತೆ.

4. ಬಳಗದಲ್ಲಿ ದಾರಿ ಹಾಕುವ ಪದ್ಧತಿಯೊಂದಿದೆ. ಸರದಿ ಬಂದವನು ಮೊದಲೇ ಹೋಗಿ ಪ್ರತಿ ತಿರುವಿನಲ್ಲಿ ಒಂದು ಹಿಡಿ ಮೈದಾ ಚೆಲ್ಲಬೇಕು. ಉಳಿದವರು ಆ ಬಿಳಿ ಗುರುತು ಹಿಡಿದು ಪಬ್ಬು ಸೇರಬೇಕು. ಡ್ರೈವರನ ಸರದಿ ಬರುವುದೇ ಇಲ್ಲ. ಆದರೆ ಕಳೆದ ತಿಂಗಳು ಎಲ್ಲರಿಗೂ ಸೋಮಾರಿತನ ಹಿಡಿದ ಕಾರಣ, ಅರ್ಜಿದಾರನಿಗೆ ಆ ಭಾಗ್ಯ ಒದಗಿತು.

5. ಅರ್ಜಿದಾರನು ಮೈದಾ ಮುಟ್ಟಲಿಲ್ಲ. ಅಡುಗೆಮನೆಯಿಂದ ರೊಟ್ಟಿಗೆಂದು ಹುರಿದಿಟ್ಟ ಅಕ್ಕಿಹುಡಿಯ ಡಬ್ಬವನ್ನೇ ಎತ್ತಿಕೊಂಡು ಹೊರಟಾಗ ಝುಲೈಖ ಬಾಗಿಲಿಗೆ ಅಡ್ಡ ನಿಂತರು.

"ಇದೆಂತ ನಿಮ್ಮ ಅವಸ್ಥೆ? ಅದು ರೊಟ್ಟಿಯ ಹುಡಿ!"

"ಮೈದಾ ಚೆಲ್ಲಲಿಕ್ಕೆ ನಾನೇನು ಗೋಡೆಗೆ ಪೋಸ್ಟರ್ ಅಂಟಿಸುವವನಾ? ನನ್ನ ದಾರಿ ಅಂದ್ರೆ ಪರಿಮಳ ಬರಬೇಕು."

"ಹಾಗಾದ್ರೆ ಮೇಲಿಂದ ಸ್ವಲ್ಪ ಕಾಯಿತುರಿಯೂ ಉದುರಿಸಿ. ಬಂದವರು ತಿಂದೇ ಹೋಗ್ಲಿ."

ಇದು ಎಚ್ಚರಿಕೆಯೆಂದು ಅರ್ಜಿದಾರನಿಗೆ ತಿಳಿಯಲಿಲ್ಲ. ಅವನು ಹಿಂದಿನ ಸಂಜೆಯೇ ಹತ್ತಾಕ್ಕೆ ಹೋಗಿ ಇಡೀ ದಾರಿ ಹಾಕಿ ಬಂದನು. ಅಂಥ ದಾರಿಯನ್ನು ಆ ಬೆಟ್ಟಗಳು ಹುಟ್ಟಿದ ಮೇಲೆ ಕಂಡಿರಲಿಲ್ಲ.

6. ಮರುದಿನ ಬೆಳಿಗ್ಗೆ ದಾರಿ ಇರಲಿಲ್ಲ.

7. ಸೇಸಪ್ಪನವರು ಮೊದಲ ತಿರುವಿನಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತರು. ಇವರು ಸ್ವಂತ ಊರಾದ ಬಂಟ್ವಾಳದ ಬಗ್ಗೆ ಹೇಳುವುದರಲ್ಲಿ ಅರ್ಧ ಸುಳ್ಳು, ಉಳಿದರ್ಧ ಇನ್ನೊಬ್ಬರದ್ದು ಎಂಬುದು ತಮಗೆ ತಿಳಿದೇ ಇದೆ. ಅವರು ಅರ್ಜಿದಾರನ ಕಡೆ ತಿರುಗಿ ಕೇಳಿದರು:

"ಬ್ಯಾರಿಗಳೇ, ದಾರಿ ಎಲ್ಲುಂಟು?"

"ಇಲ್ಲೇ ಉಂಟು."

"ನನಗೆ ಕಾಣುವುದು ಬರೀ ಹಿಕ್ಕೆ ಮಾರಾಯ್ರೆ!"

ಅಷ್ಟರಲ್ಲಿ ಬಂಡೆಯ ಮೇಲೆ ಒಂದು ಆಡು ಕಾಣಿಸಿತು. ಅದರ ಗಡ್ಡ ಬಿಳಿ. ಹಿಂದೆ ಇನ್ನೊಂದು, ಅದರದ್ದೂ ಬಿಳಿ, ಮೂತಿಯೂ ಬಿಳಿ. ಹತ್ತಾದ ಆಡುಗಳಿಗೆಲ್ಲ ಒಂದೇ ರಾತ್ರಿಯಲ್ಲಿ ಮುಪ್ಪು ಬರಲಾರದು ಎಂಬುದನ್ನು ಮೊದಲು ಗ್ರಹಿಸಿದವನು ಅರ್ಜಿದಾರ.

8. ಆಗ ಅರ್ಜಿದಾರನು ಕೈಗೊಂಡ ತೀರ್ಮಾನವು ಈ ಕೆಳಗಿನಂತಿದೆ: ಹುಡಿ ಎಲ್ಲಿದೆಯೋ ಅಲ್ಲಿ ದಾರಿ ಇದೆ. ಹುಡಿಯು ಸದ್ಯ ಆಡುಗಳ ಹೊಟ್ಟೆಯಲ್ಲಿದೆ. ಆದ್ದರಿಂದ ಆಡುಗಳ ಹಿಂದೆ ಹೋಗತಕ್ಕದ್ದು. ಇದಕ್ಕಿಂತ ಶಾಸ್ತ್ರೀಯವಾದ ತರ್ಕವನ್ನು ಯಾವ ಯುನಿವರ್ಸಿಟಿಯಲ್ಲೂ ಕಲಿಸುವುದಿಲ್ಲ. "ಯಲ್ಲಾ, ಬನ್ನಿ!" ಎಂದು ಅರ್ಜಿದಾರನು ಕೂಗಿದ್ದೂ, ತಾವು ಅಧ್ಯಕ್ಷರಾಗಿದ್ದುಕೊಂಡೇ ಅವನ ಹಿಂದೆ ಬಂದದ್ದೂ ನಡೆದ ಸಂಗತಿ.

9. ಆಡುಗಳು ಒಂದು ಏರು ಏರಿದವು, ಒಂದು ಒಣ ಹೊಳೆ ದಾಟಿದವು, ಮತ್ತೊಂದು ಏರು ಏರಿ ಇಳಿದವು. ಕೊನೆಗೆ ಹೆದ್ದಾರಿಯ ಬದಿ, ಕೆಫೆಟೀರಿಯಾ ಎನ್ನುವ ಒಂದು ಚಾದಂಗಡಿಯ ಹಿಂದಿದ್ದ ಅವುಗಳ ಕೊಟ್ಟಿಗೆಗೆ ಹೋಗಿ ಮಲಗಿದವು. ತಾವು ಬೆವರು ಒರೆಸುತ್ತ ಕೇಳಿದಿರಿ:

"ಅಲಿ, ಪಬ್ಬು ಯಾವ ಸೈಡು?"

"ಗುಡ್ಡೆಯ ಆಚೆ."

"ಯಾವ ಗುಡ್ಡೆ?"

"ನಾವು ಈಗ ಇಳಿದದ್ದು."

ಅನಂತರ ತಾವು ಬಳಸಿದ ಶಬ್ದಗಳನ್ನು ತಮ್ಮ ಸ್ಥಾನದ ಘನತೆಯ ದೃಷ್ಟಿಯಿಂದ ಇಲ್ಲಿ ಬರೆದಿಲ್ಲ.

10. ಬೇರೆ ದಾರಿಯಿಲ್ಲದೆ ಎಲ್ಲರೂ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತರು. ಕಡಕ್ ಚಾ ಬಂತು, ಪರೋಟ ಬಂತು. ಅರ್ಜಿದಾರನೂ ಕುಳಿತನು. ಮಾನ್ಯರೇ, ನಡಿಗೆಯೊಂದರ ಕೊನೆಯಲ್ಲಿ ಬಳಗದ ಜತೆ ಅವನು ಕುಳಿತದ್ದು ಅದೇ ಮೊದಲು. ಅವನು ಆ ಬೆಳಗಿನ ಕತೆ ಶುರು ಮಾಡಿದನು. ಮೊದಲ ಚಾಕ್ಕೆ ನಲವತ್ತಿದ್ದ ಆಡುಗಳು ಎರಡನೇ ಚಾಕ್ಕೆ ನಾನೂರಾದವು. ಅವುಗಳ ಮುಖಂಡ ಕುದುರೆಯಷ್ಟು ಎತ್ತರವಾಗಿ, ಸೇಸಪ್ಪನವರ ಟೋಪಿಯನ್ನು ಮೂಸಿ ನೋಡಿ, 'ಇದು ತಿನ್ನುವ ವಸ್ತುವಲ್ಲ' ಎಂದು ಮುಖ ತಿರುಗಿಸಿತು. ಆ ಗಳಿಗೆಯಲ್ಲಿ ತಮ್ಮ ಮೂಗಿನಿಂದ ಚಾ ಹೊರಬಂದದ್ದನ್ನು ತಾವು ಅಲ್ಲಗಳೆಯುವಂತಿಲ್ಲ. ಕೆಫೆಟೀರಿಯಾದವನು ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತು ಕತೆ ಕೇಳಿದನು, ಅವನಿಗೆ ಕನ್ನಡ ಬರುವುದಿಲ್ಲ. ಬಳಗದ ಸದಸ್ಯೆ, ಟೀಚರ್ ಡೆಬೊರಾ ಕಣ್ಣೊರೆಸಿಕೊಳ್ಳುತ್ತ ಕೇಳಿದರು:

"ಅಯ್ಯೋ ಅಲಿಕಾಕ, ಇಷ್ಟು ವರ್ಷ ಈ ಜನ ಎಲ್ಲಿತ್ತು?"

"ಪಾರ್ಕಿಂಗಿನಲ್ಲಿ."

11. ಇಷ್ಟಾದ ಮೇಲೆ, ಅರ್ಜಿದಾರನು ಪಬ್ಬನ್ನು ತಪ್ಪಿಸಲೆಂದೇ ಆಡುಗಳ ಜತೆ ಒಳಸಂಚು ಮಾಡಿದ್ದಾನೆಂದು ಸೇಸಪ್ಪನವರು ದೂರಿದರು. ತಾವು ಉಲ್ಲೇಖ 1ರಲ್ಲಿ ಆದೇಶಿಸಿದಿರಿ: "ಅಲಿ, ಬೇಜಾರು ಮಾಡ್ಬೇಡ. ಇನ್ನು ದಾರಿ ನಾವು ಹಾಕ್ತೇವೆ, ನೀನು ವ್ಯಾನು ನೋಡಿಕೊ. ವ್ಯಾನಿಗೆ ನಿನ್ನಷ್ಟು ಒಳ್ಳೆಯ ಜನ ಇಲ್ಲ ಮಾರಾಯ." ಈ ಹೊಗಳಿಕೆಯನ್ನು ಅರ್ಜಿದಾರನು ಹಲವು ಸಲ ಕೇಳಿದ್ದಾನೆ. ಪ್ರತಿ ಸಲವೂ ಅದು ಅಷ್ಟೇ ಚೆನ್ನಾಗಿ ಚುಚ್ಚುತ್ತದೆ.

12. ಅದನ್ನೂ ಅರ್ಜಿದಾರನು ನುಂಗಿಕೊಂಡಿದ್ದನು. ಆದರೆ ಇಂದು, ಈಗ ಸ್ವಲ್ಪ ಹೊತ್ತಿಗೆ ಮುಂಚೆ, ಪಬ್ಬಿನ ಎಸಿಗೆ ಚಳಿಯಾಗಿ ಜಾಕೆಟ್ ತೆಗೆದುಕೊಳ್ಳಲು ಡೆಬೊರಾ ವ್ಯಾನಿಗೆ ಬಂದರು.

"ಅಲಿಕಾಕ, ಆಡಿನ ಹಿಂದೆ ಹೋಗುವ ಅಂತ ಹೇಳಿದ್ದು ನೀವಲ್ವಾ?"

"ಮತ್ತೆ ಯಾರು?"

"ಒಳಗೆ ಸೇಸಪ್ಪಣ್ಣ ಕತೆ ಹೇಳ್ತಿದ್ದಾರೆ, ಅದರಲ್ಲಿ ಅವರೇ ಹೇಳಿದ್ದು ಅಂತ ಆಗಿದೆ. ಪಕ್ಕದ ಮೇಜಿನವರೂ ಕುರ್ಚಿ ಎಳ್ಕೊಂಡು ಕೇಳ್ತಿದ್ದಾರೆ."

"ಹಾಗಾದ್ರೆ ನಾನು?"

ಡೆಬೊರಾ ಜಾಕೆಟಿನ ಜಿಪ್ಪನ್ನು ಮೇಲೆಳೆದರು, ಕೆಳಗೆಳೆದರು. "ನೀವು ಕತೆಯಲ್ಲಿ ವ್ಯಾನಿನಲ್ಲಿ ಮಲಗಿದ್ದೀರಿ."

"ಆಡು ಎಷ್ಟು ಅಂತೆ?"

"ಹನ್ನೆರಡು."

ಹನ್ನೆರಡು! ಮಾನ್ಯರೇ, ಕತೆ ಕದ್ದದ್ದನ್ನು ಅರ್ಜಿದಾರನು ಕ್ಷಮಿಸಬಲ್ಲ. ಕದ್ದು ಸಣ್ಣದು ಮಾಡಿದ್ದನ್ನು ಕ್ಷಮಿಸಲಾರ.

ಆದ್ದರಿಂದ, ಮೇಲ್ಕಾಣಿಸಿದ ಕಾರಣಗಳಿಂದಲೂ, ಕಾಣಿಸಲು ಹೋದರೆ ಕಾಗದ ಸಾಲದಂಥ ಇನ್ನಷ್ಟು ಕಾರಣಗಳಿಂದಲೂ, ಅರ್ಜಿದಾರನ ಕೋರಿಕೆ ಇಷ್ಟು:

(ಅ) ಬೇಸಿಗೆಗೆ ಮುಂಚಿನ ಕೊನೆಯ ನಡಿಗೆಯ ದಾರಿ ಹಾಕುವ ಹಕ್ಕನ್ನು ಅವನಿಗೆ ಕೊಡಬೇಕು. ಈ ಸಲ ಅವನು ಮೈದಾ ಬಳಸಲು ಸಿದ್ಧನಿದ್ದಾನೆ, ಆತ್ಮಗೌರವಕ್ಕೆ ಪೆಟ್ಟಾದರೂ ಸರಿ.

(ಆ) ಸದರಿ ನಡಿಗೆಯನ್ನು ಅದೇ ಕೆಫೆಟೀರಿಯಾದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮುಗಿಸಬೇಕು. ಬಾಯಾರಿಕೆ ತಾಳದವರನ್ನು ಅನಂತರ ಅರ್ಜಿದಾರನೇ ಪಬ್ಬಿಗೆ ಮುಟ್ಟಿಸಿ, ಯಥಾಪ್ರಕಾರ ಹೊರಗೆ ಕಾಯುವನು.

(ಇ) ಆಡುಗಳ ಸಂಖ್ಯೆಯನ್ನು ತಕ್ಷಣವೇ, ಪಕ್ಕದ ಮೇಜಿನವರ ಸಮಕ್ಷಮ, ನಾನೂರಕ್ಕೆ ಸರಿಪಡಿಸಬೇಕು.

ತಮ್ಮ ವಿಶ್ವಾಸಿ,
ಮೇಲೆ ಮೂರನೆಯವನಂತೆ ನಿಂತು ಮಾತಾಡಿದ
ಅಲಿಕುಂಞಿ

ಅಡಕಗಳು:
1. ಬಿಳಿ ಗಡ್ಡದ ಆಡಿನ ಫೋಟೊ (ಅಲುಗಾಡಿದೆ, ಅಲುಗಿದ್ದು ಆಡು, ಅರ್ಜಿದಾರನಲ್ಲ).
2. ರೊಟ್ಟಿಯ ಹುಡಿ ಖಾಲಿಯಾದ ಬಗ್ಗೆ ಝುಲೈಖರ ಹೇಳಿಕೆ. ಹೇಳಿಕೆ ಇನ್ನೂ ಮುಂದುವರಿದಿರುವುದರಿಂದ ಪೂರ್ತಿ ಲಗತ್ತಿಸಲು ಆಗಿಲ್ಲ.

ವಿ.ಸೂ.: ಈ ಅರ್ಜಿಯನ್ನು ಡೆಬೊರಾರ ಕೈಯಲ್ಲಿ ಕಳುಹಿಸಲಾಗಿದೆ. ಆದೇಶಕ್ಕೆ ತಡವಾಗುವುದಾದರೆ ಅವಸರವಿಲ್ಲ. ಅಲ್ಲಿಯವರೆಗೆ ಯಾರಾದರೂ ಒಬ್ಬರು ಕೆಳಗಿಳಿದು ಬಂದು ಸ್ವಲ್ಪ ಹೊತ್ತು ವ್ಯಾನಿನಲ್ಲಿ ಕುಳಿತರೂ ಸಾಕು, ಇವತ್ತಿನ ಗುಡ್ಡೆಯ ಕತೆ ಇನ್ನೂ ಯಾರಿಗೂ ಹೇಳಿ ಆಗಿಲ್ಲ. ಯಾರನ್ನು ಬೇಕಾದರೂ ಕಳುಹಿಸಬಹುದು. ಸೇಸಪ್ಪಣ್ಣ ಬೇಡ, ಅವರು ಬಂದರೆ ಅರ್ಜಿದಾರನಿಗೆ ಮಾತಾಡಲಿಕ್ಕೆ ಬಿಡುವುದಿಲ್ಲ.