ಕಾಶಿಯಲ್ಲಿ ಬಿಟ್ಟ ತಾಜ್‌ಮಹಲ್

ಆಗ್ರಾದವರೆಗೂ ಹೋಗಿ ತಾಜ್‌ಮಹಲ್ ನೋಡದೆ ವಾಪಸು ಬಂದವರು ಈ ಪ್ರಪಂಚದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಪಾಲಿಗೇ ಬರಬೇಕೆ! ಹೆಸರು ಮಾತ್ರ ಕೇಳಬೇಡಿ. ಮದುವೆಯ ದಿನ ಹೊಸಿಲಲ್ಲಿ ಅಡ್ಡ ನಿಂತು ನಾದಿನಿಯರು ಹೇಳಿಸಿದ್ದೇ ಕೊನೆ. ಆಮೇಲೆ ಅವರು ನನಗೆ ‘ರೀ’, ಊರಿನ ಎದುರು ‘ನಮ್ಮ ಮನೆಯವರು’.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಮುಂದಿನ ಅರ್ಧ ಮಗ್ಗಕ್ಕೆ, ಹಿಂದಿನ ಅರ್ಧ ನಮಗೆ. ರೇಷ್ಮೆ ಸೀರೆ ನೇಯುತ್ತಿದ್ದ ಈ ಮನುಷ್ಯರಿಗೆ ಎಲ್ಲಿ ನೋಡಿದರೂ ಸೀರೆಯೇ ಕಾಣುತ್ತಿತ್ತು. ಮದುವೆಗೆ ಹೋಗಿ ಬಂದವರನ್ನು ಗಂಡು ಹೇಗಿದ್ದ ಎಂದು ಕೇಳಿ, ಗೊತ್ತಿಲ್ಲ. ಗಂಡಿನ ತಾಯಿಯ ಸೀರೆ ಅಂಚಿನಲ್ಲಿ ಎಳೆ ಎಲ್ಲಿ ತಪ್ಪಿತ್ತು ಎಂದು ಕೇಳಿ, ವಾರವಿಡೀ ಹೇಳುತ್ತಿದ್ದರು! ಒಮ್ಮೆ ಹಾಗೆ ಬಗ್ಗಿ ನೋಡಲು ಹೋಗಿ ಆಕೆಯ ಕೈಲಿ ಚೆನ್ನಾಗಿ ಬೈಸಿಕೊಂಡೂ ಬಂದಿದ್ದರು.

ಮಗ್ಗದ ಎದುರು ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್. ತಿಂಗಳ ಹಾಳೆಗಳೆಲ್ಲ ಎಂದೋ ಹೋಗಿ, ಮೇಲಿನ ತಾಜ್‌ಮಹಲ್ ಚಿತ್ರ ಮಾತ್ರ ಉಳಿದಿತ್ತು. "ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು ಕಣೇ" ಎಂದು ಲಾಳಿ ಹೊಡೆಯುತ್ತಲೇ ಹೇಳುತ್ತಿದ್ದರು. ಕೇಳಿ ಕೇಳಿ ನನಗೂ ಆ ಆಸೆ ಅಂಟಿಕೊಂಡಿತು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಊರವರ ಗುಂಪಿನೊಂದಿಗೆ ಕಾಶಿಗೆ ಹೊರಟೆವು, ಅಲ್ಲಿಂದ ಆಗ್ರಾ. ಕಾಶಿಗೆ ಹೋದವರು ತಮಗೆ ತುಂಬ ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕಲ್ಲ. ಬಿಟ್ಟ ಮೇಲೆ ಜೀವಮಾನದಲ್ಲಿ ಅದರ ತಂಟೆಗೆ ಹೋಗುವಂತಿಲ್ಲ. ನಮ್ಮ ಗುಂಪಿನವರು ಜಾಣರು. ಒಬ್ಬರು ಹಾಗಲಕಾಯಿ ಬಿಟ್ಟರು. ಬಾಯಲ್ಲಿ ಹಲ್ಲೇ ಇಲ್ಲದ ಹಿರಿಯರೊಬ್ಬರು ಕಬ್ಬು ಬಿಟ್ಟರು! ನಾನು ಹಲಸಿನ ಹಣ್ಣು ಬಿಟ್ಟೆ. ಇವರ ಸರದಿ ಬಂತು. ಸೊಂಟದ ಮಟ್ಟದ ಗಂಗೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿದರು.

"ತಾಜ್‌ಮಹಲ್!"

ಅಲ್ಲೇ ನೆಲೆಸಿದ್ದ ನಮ್ಮ ಕಡೆಯ ಪುರೋಹಿತರು ಮಂತ್ರ ಮರೆತರು. "ಯಜಮಾನರೇ, ಅದು ತಿನ್ನೋ ಪದಾರ್ಥ ಅಲ್ಲವಲ್ಲ?"

"ಇಷ್ಟವಾದ್ದು ಅಂದ್ರಿ. ತಿನ್ನೋದು ಅಂತ ಎಲ್ಲಿ ಹೇಳಿದ್ರಿ ಸ್ವಾಮಿ?"

ರೈಲು ಆಗ್ರಾದ ಸೇತುವೆ ಹತ್ತಿದಾಗ ಜನವೆಲ್ಲ ಕಿಟಕಿಗೆ ಮುಗಿಬಿದ್ದು "ಅಗೋ, ಅಗೋ" ಎನ್ನುತ್ತಿದ್ದರೆ, ಇವರು ತಲೆಯ ಮೇಲೆ ಟವೆಲ್ ಹೊದ್ದು ಕುಳಿತರು. ನಾನು ನೋಡಬಹುದಿತ್ತು. ಸಿಟ್ಟಿಗೆ ನಾನೂ ಸೆರಗು ಹೊದ್ದುಕೊಂಡೆ!

ಗುಂಪು ತಾಜ್ ಕಡೆ ಹೊರಟಿತು. "ನೀನು ಹೋಗ್ಬಾರೇ, ನಾನು ಛತ್ರದಲ್ಲಿರ್ತೀನಿ" ಎಂದರು.

"ಗಂಡನ್ನ ಛತ್ರದಲ್ಲಿ ಕೂರಿಸಿ ಅದನ್ನ ನೋಡೋಕೆ ನನಗೇನು ಬಂದಿದೆ? ನಾನೂ ಇಲ್ಲೇ ಸಾಯ್ತೀನಿ."

ನಮ್ಮ ಜಗಳ ನೋಡಿದ ಟಾಂಗಾದವನು ನಗುತ್ತಾ ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಹೊಳೆಯ ಆಚೆ ದಡಕ್ಕೆ ಕರೆದೊಯ್ದ. ಅಲ್ಲೊಂದು ತೋಟ, ನಡುವೆ ಚಿಕ್ಕದೊಂದು ಅಮೃತಶಿಲೆಯ ಗೋರಿ. ಮೊಗಲರ ರಾಣಿಯೊಬ್ಬಳು ತನ್ನ ಅಪ್ಪ ಅಮ್ಮನಿಗೆ ಕಟ್ಟಿಸಿದ್ದಂತೆ. ಗಿಳಿಗಳ ಗದ್ದಲ ಬಿಟ್ಟರೆ ಜನವೇ ಇಲ್ಲ. ತೋಟದ ನೀರಿನ ಕಾಲುವೆ ತ್ಯಾಮಗೊಂಡ್ಲಿನ ನನ್ನ ತವರಿನ ತೆಂಗಿನ ತೋಟದ ಕಾಲುವೆಯಷ್ಟೇ ಅಗಲ.

ಗೋಡೆಯ ತುಂಬ ಬಣ್ಣದ ಕಲ್ಲು ಕೂರಿಸಿದ ಹೂವು, ಬಟ್ಟಲು, ಉದ್ದ ಕತ್ತಿನ ಹೂಜಿ. ಇವರು ಮೂಗು ಗೋಡೆಗೆ ತಾಗುವಷ್ಟು ಬಗ್ಗಿದರು. "ಇದು ಗೋಡೆ ಅಲ್ಲ ಕಣೇ, ಸೆರಗು!" ಬೆರಳಿಟ್ಟು ಎಳೆ ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾ ಗೋರಿಯನ್ನೇ ಸುತ್ತಿದರು. ಹಿಂದೆ ಕಾವಲುಗಾರ ಕೂಗುತ್ತಾ ಸುತ್ತಿದ. ಅವನ ಹಿಂದೆ ಮರ್ಯಾದೆ ಹೋಯಿತೆಂದು ನಾನು! ಒಳಗೆ ಹಳದಿ ಕಲ್ಲಿನ ಎರಡು ಗೋರಿಗಳು, ಒಂದರ ಮಗ್ಗುಲಲ್ಲಿ ಒಂದು. ಅವುಗಳ ಮುಂದೆ ಮಾತ್ರ ಇವರು ಎಳೆ ಹುಡುಕಲಿಲ್ಲ.

ಹೊರಗೆ ಹುಲ್ಲಿನ ಮೇಲೆ ಕುಳಿತಾಗ ನನಗೆ ಅಳು ಬಂತು. "ಬಿಡೋಕೆ ನಿಮಗೆ ಬೇರೆ ಏನೂ ಸಿಗ್ಲಿಲ್ವಾ?"

"ತುಂಬ ಇಷ್ಟವಾದ್ದನ್ನ ಬಿಡಿ ಅಂದ್ರು. ಅದಕ್ಕಿಂತ ಇಷ್ಟವಾದ್ದು ಇನ್ನೊಂದಿತ್ತು. ಅದನ್ನ ಬಿಡೋಕೆ ಆಗ್ಲಿಲ್ಲ ಕಣೇ."

"ಗೊತ್ತು ಬಿಡಿ, ಅವರೆಕಾಳಿನ ಸಾರು!"

ನನ್ನ ಮುಖ ನೋಡಿ ಬಹಳ ಹೊತ್ತು ನಕ್ಕರು. "ಹ್ಞೂ ಕಣೇ, ಅದೇ" ಎಂದರು.

ಊರಿಗೆ ಬಂದವರೇ ನನಗೊಂದು ಸೀರೆ ನೇಯ್ದರು. ಆ ಒಳಗಿನ ಜೋಡಿ ಗೋರಿಗಳದೇ ಹಳದಿ ಬಣ್ಣ, ಅಂಚಿಗೆ ಸಾಲಾಗಿ ಹೂಜಿ. ಕಾಶಿಗೆ ಹೋಗಿ ಬಂದವರು ನೇಯ್ದದ್ದಲ್ಲವೇ, ಬೀದಿಯ ಹೆಂಗಸರು ಅದನ್ನು ಗಂಗೆ ತಂಬಿಗೆ ಎಂದು ಕಣ್ಣಿಗೊತ್ತಿಕೊಂಡರು. ಗೃಹಪ್ರವೇಶವೊಂದರಲ್ಲಿ ಚರಿತ್ರೆಯ ಮೇಷ್ಟರೊಬ್ಬರು ನೋಡಿ ಕೆಮ್ಮಿದರು. "ತಾಯಿ, ಅದು ಮೊಗಲರು ಮದ್ಯ ಬಗ್ಗಿಸ್ತಿದ್ದ ಹೂಜಿ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇವರು ಅಲುಗಲಿಲ್ಲ. "ಮುಚ್ಚಳ ಹಾಕೇ ನೇಯ್ದಿದೀನಿ ಮೇಷ್ಟ್ರೇ. ಒಳಗೇನಿದೆ ಅಂತ ಯಾರು ನೋಡಿದ್ರು?"

ಎಪ್ಪತ್ತರ ದಶಕದ ಕೊನೆಯಲ್ಲಿ, ಅವರೆಕಾಯಿ ಕಾಲದಲ್ಲೇ ಅವರು ಹೋದರು. ಅಸ್ಥಿ ಬಿಡಲು ಮೈದುನ ಕಾಶಿಗೆ ಹೊರಟಾಗ ಹಟ ಮಾಡಿ ನಾನೂ ಹೋದೆ. ಪುರೋಹಿತರು ರೂಢಿಯಂತೆ ಕೇಳಿದರು. "ತುಂಬ ಇಷ್ಟವಾದದ್ದು ಒಂದನ್ನ ಬಿಡಬೇಕು ತಾಯಿ. ಏನು ಬಿಡ್ತೀರಿ?"

ಅಸ್ಥಿಯ ಮಡಕೆ ನನ್ನ ಕೈಯಲ್ಲೇ ಇತ್ತು. "ಅದನ್ನ ಬಿಡೋಕೇ ಬಂದಿದೀನಿ ಸ್ವಾಮಿ" ಎಂದೆ.

ಹಿಂತಿರುಗುವಾಗ ಸುತ್ತು ದಾರಿಯಾದರೂ ಆಗ್ರಾಕ್ಕೆ ಹೋದೆವು. "ಅತ್ತಿಗೆ, ಈ ಸಲವಾದ್ರೂ ತಾಜ್‌ಮಹಲ್ ನೋಡ್ಬಿಡಿ" ಎಂದ ಮೈದುನ. ನಾನು ಟಾಂಗಾದವನಿಗೆ ಹೊಳೆಯ ಆಚೆ ದಡವನ್ನು ತೋರಿಸಿದೆ.

ತೋಟ ಹಾಗೇ ಇತ್ತು. ಗಿಳಿಗಳೂ ಇದ್ದವು. ಚೀಲದಿಂದ ಹಳದಿ ಸೀರೆ ತೆಗೆದು ಅದರ ಅಂಚನ್ನು ಗೋಡೆಗೆ ಹಿಡಿದೆ. ಕಾವಲುಗಾರ ಕೂಗಿದ; ಕೂಗಲಿ. ಗೋಡೆಯ ಹೂಜಿ, ಅಂಚಿನ ಹೂಜಿ, ಎರಡೂ ಒಂದೇ. ಎಲ್ಲೂ ಒಂದೆಳೆ ತಪ್ಪಿರಲಿಲ್ಲ. ಮುಚ್ಚಳವೂ ಹಾಕಿದಂತೆಯೇ ಇತ್ತು.