ಕೈ ಆಡಿಸಿದರಷ್ಟೇ ಓಡುವ ಗಡಿಯಾರ

ಹೊಸ ಗಡಿಯಾರ ಕಟ್ಟಿದ ಮೇಲೆ ಮನುಷ್ಯನ ಟೈಮ್ ಸುಧಾರಿಸಬೇಕು. ನನಗೆ ಉಲ್ಟಾ ಆಯಿತು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಸೈರನ್ ಕೂಗಿಗೆ ಎದ್ದು, ಸೈರನ್ ಕೂಗಿಗೆ ಉಂಡು ಬದುಕಿದವನು ನಾನು. ನಿವೃತ್ತನಾಗಿ ಚಿತ್ತಾಪುರಕ್ಕೆ ಬಂದರೆ ಇಲ್ಲಿ ಸೈರನ್ನೇ ಕೇಳಿಸದು. ಮೊಬೈಲ್ ನೋಡಿ ಟೈಮ್ ಹೇಳುವವರನ್ನು ಕಂಡರೆ ನನಗಾಗದು. ಅದಕ್ಕೇ ಗಡಿಯಾರ ಕೊಂಡೆ. ಅವತ್ತಿನಿಂದ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇದೆ.

ರಿಪೇರಿ

ಶಹಾಬಾದಿನಲ್ಲಿ ಕೊಂಡದ್ದು. ಸೆಲ್ ಇಲ್ಲ, ಕೀ ಕೊಡುವುದೂ ಬೇಡ. ಕೈ ಆಡಿದಂತೆಲ್ಲ ಒಳಗಿನ ಯಂತ್ರ ತಾನೇ ಸುತ್ತಿಕೊಳ್ಳುತ್ತದೆ. ವಾರದೊಳಗೆ ಅದು ಹಿಂದೆ ಬೀಳತೊಡಗಿತು. ಬೆಳಿಗ್ಗೆ ಹೊಂದಿಸಿದರೆ ಸಂಜೆಗೆ ತೂಕಡಿಕೆ. ಅಂಗಡಿಯವನಿಗೆ ಒಯ್ದು ತೋರಿಸಿದೆ. ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ.

"ಮಾಲ್ ಛಲೋ ಅದರಿ. ದಿನಾ ಏನ್ ಕೆಲಸ ಮಾಡ್ತೀರಿ?"

"ಏನಿಲ್ಲಪಾ. ರಿಟೈರ್ ಆಗೀನಿ. ಕುರ್ಚಿ ಮ್ಯಾಗ ಕುಂತು ಪೇಪರ್ ಓದ್ತೀನಿ."

ಆತ ಗಡಿಯಾರ ವಾಪಸು ಕೊಟ್ಟ. "ಹಂಗಾದ್ರ ಅದೂ ರಿಟೈರ್ ಆಗ್ಯಾದ್ರಿ."

ರೊಟ್ಟಿ

ನಮ್ಮ ಮನೆಯಲ್ಲಿ ದಣಿಯುವ ಕೈ ಒಂದೇ, ಹೆಂಡತಿಯದು. ಅವಳು ಜೋಳದ ರೊಟ್ಟಿ ಬಡಿಯಲು ಕುಳಿತಾಗ ಗಡಿಯಾರ ಅವಳ ಕೈಗೆ ಕಟ್ಟಿದೆ. ಆ ಪೆಟ್ಟಿಗೆ ಹೆದರಿ ಅದು ಮುಂದಕ್ಕೇ ಓಡಿಬಿಟ್ಟಿತು. ಅವಳ ಕೈಯಲ್ಲಿನ ಟೈಮ್ ನಂಬಿಕೊಂಡು ಸೇಡಂಗೆ ಮದುವೆಗೆ ಹೋದರೆ, ಮಂಟಪದಲ್ಲಿ ಅಡುಗೆಯವರ ಹೊರತು ಒಂದು ನರಪಿಳ್ಳೆಯೂ ಇಲ್ಲ.

"ಅಕ್ಕಿಕಾಳು ಹಾಕಾಕ ಬಂದೀನ್ರಿ," ಅಂದೆ.

"ಅದಕ್ಕಿನ್ನ ಭಾಳ ಹೊತ್ತದ. ಕುಂದ್ರಿ, ಅಲ್ಲೀತನಕ ಉಳ್ಳಾಗಡ್ಡಿ ಹೆಚ್ಚರಿ," ಅಂತ ಅಡುಗೆಯವ ಚಾಕು ಕೈಗಿಟ್ಟ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಗಡಿಯಾರ ಬಿಚ್ಚಿ ನನ್ನ ಕೈಗೇ ಕಟ್ಟಿದಳು. "ನಾಳಿಂದ ನೀವೇ ರೊಟ್ಟಿ ಬಡೀರಿ. ಇಬ್ಬರೂ ಸುಧಾರಿಸ್ತೀರಿ."

ಭಾಷಣ

ಇದನ್ನು ಹೇಳಲು ಈಗಲೂ ಮನಸ್ಸಾಗುವುದಿಲ್ಲ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಷೀನಿನಲ್ಲೇ ಸರ್ವಿಸ್ ಕಳೆದ ಗೆಳೆಯ ಈ ವರ್ಷ ನಿವೃತ್ತನಾದ. ಬೀಳ್ಕೊಡುಗೆಯಲ್ಲಿ ಅವನ ಬಗ್ಗೆ ಮಾತಾಡಬೇಕಾದವನು ನಾನೊಬ್ಬನೇ. ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದೆ. ಗಡಿಯಾರ ಮತ್ತೆ ಹಿಂದೆ ಬಿದ್ದದ್ದು ಗೊತ್ತಾಗಲಿಲ್ಲ. ವಾಡಿ ಮುಟ್ಟಿದಾಗ ಪೆಂಡಾಲ್ ಬಿಚ್ಚುತ್ತಿದ್ದರು. ಕೂಲಿಯವನೆಂದು ತಿಳಿದು ಒಬ್ಬ ನನ್ನ ಮೇಲೇ ರೇಗಿದ: "ಈಗ ಬಂದೀಯಾ? ಕುರ್ಚಿ ಎಲ್ಲಾ ಎತ್ತಿ ಆತು!"

ಗೆಳೆಯನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲವಂತೆ.

ಟವೆಲ್

ಆಮೇಲೆ ಅವನು ವಾಡಿ ಬಿಟ್ಟು ಚಿಂಚೋಳಿ ಕಡೆಯ ತನ್ನೂರು ಐನಾಪುರಕ್ಕೆ ಹೊರಟ. "ಚಿತ್ತಾಪುರದಾಗ ಬಸ್ ಬದಲಿ ಮಾಡ್ತೀನಿ, ಬಾ," ಅಂತ ಫೋನ್ ಮಾಡಿದ. ಇನ್ನು ಅವನು ಸಿಗುವುದು ಯಾವಾಗಲೋ. ಆ ಭಾಷಣ ಅಲ್ಲೇ ಒಪ್ಪಿಸಬೇಕೆಂದು ನಿರ್ಧರಿಸಿದೆ. ಆದರೂ ಬಸ್ ಸ್ಟ್ಯಾಂಡಿಗೆ ತಡವಾಗಿಯೇ ಹೋದೆ. ನೋಡಿದರೆ, ಅವನು ಕಟ್ಟೆ ಮೇಲೆ ಕುಳಿತೇ ಇದ್ದಾನೆ.

"ನಿನ್ನ ಗಡಿಯಾರದ ಹಣೇಬರಾ ಗೊತ್ತದಲೇ. ಒಂದ್ ಬಸ್ ಬಿಟ್ಟೆ," ಅಂದ. "ಹಿಂದ ನಿಂತ ಈ ಬಸ್ಸಿನಾಗ ಕಿಟಕಿಲಿಂದ ಟವೆಲ್ ಒಗದು ಸೀಟ್ ಹಿಡದೀನಿ. ಟೈಮ್ ಅದ ಏನು?"

ಅಭ್ಯಾಸಬಲದಿಂದ ಕೈ ನೋಡಿಕೊಂಡೆ. "ಭಾಳ ಅದ!"

ಎದ್ದು ನಿಂತು, ಕೈ ಆಡಿಸುತ್ತ ಪೂರ್ತಿ ಭಾಷಣ ಹೇಳಿದೆ. ನಾನು ಜ್ವರದಿಂದ ಮಲಗಿದಾಗ ಅವನು ಎರಡೂ ಮಷೀನ್ ನೋಡಿಕೊಂಡದ್ದು, ಒಂದೇ ಡಬ್ಬಿಯಲ್ಲಿ ಇಬ್ಬರೂ ಉಂಡದ್ದು, ಎಲ್ಲ. ಬಾಳೆಹಣ್ಣು ಮಾರುವವಳು ಚಪ್ಪಾಳೆ ಹೊಡೆದಳು. ಗೆಳೆಯನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೆಗಲ ಮೇಲೆ ಟವೆಲ್ ತಡಕಾಡಿದ. ಸಿಗಲಿಲ್ಲ. ಇಬ್ಬರೂ ಒಮ್ಮೆಲೇ ಹಿಂದೆ ತಿರುಗಿದೆವು. ಬಸ್ ಇರಲಿಲ್ಲ.

ಅವನು ಅಂಗಿಯ ತೋಳಿಗೇ ಕಣ್ಣು ಒರೆಸಿಕೊಂಡ.

"ಹೋಗ್ಲಿ ಬಿಡು," ಅಂದ. "ನಾನು, ಟವೆಲ್ ಇಬ್ಬರೊಳಗ ಟವೆಲ್ ಆದ್ರೂ ಟೈಮಿಗೆ ಚಿಂಚೋಳಿ ಮುಟ್ಟತದ."