ಚಪ್ಪಲಿಗೆ ಎಣ್ಣೆ ಕುಡಿಸಿದ್ದು

ಕೆಲವರಿಗೆ ಊಟದ ಚಪಲ, ಕೆಲವರಿಗೆ ಮಾತಿನ ಚಪಲ. ನನಗಿರುವುದು ವಸ್ತುಗಳ ಆಕಾರ, ಮಾಟ ನೋಡುವ ಚಪಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ನಾಚಿಕೊಳ್ಳುವ ಕೆಲಸವನ್ನು ನನ್ನ ಹೆಂಡತಿ ನೀಲವ್ವ ನನ್ನ ಪರವಾಗಿ ವಹಿಸಿಕೊಂಡಿದ್ದಾಳೆ. ಬೀಗರ ಮನೆಗೆ ಹೋದರೆ ಬೀಗರ ಕ್ಷೇಮ ವಿಚಾರಿಸುವುದಕ್ಕೆ ಮೊದಲು ಅವರು ಕೈಗೆ ಕೊಟ್ಟ ತಂಬಿಗೆಯನ್ನು ತಿರುಗಿಸಿ ತಿರುಗಿಸಿ ನೋಡುವ ಪೈಕಿ ನಾನು. ತಂಬಿಗೆಯ ಕಂಠವನ್ನು ನೀವು ಎಂದಾದರೂ ಸರಿಯಾಗಿ ನೋಡಿದ್ದೀರಾ? ಒದ್ದೆ ಕೈಯಲ್ಲಿ ಹಿಡಿದರೂ ಜಾರದಂತೆ ಕತ್ತು ಸಣ್ಣ, ಎತ್ತಿ ಕುಡಿದರೆ ನೀರು ಎದೆಯ ಮೇಲೆ ಸುರಿಯದಂತೆ ತುಟಿ ಹೊರಕ್ಕೆ ಮಡಚಿದ್ದು. ಮೊದಲು ಇದನ್ನು ಯೋಚಿಸಿದ ಪುಣ್ಯಾತ್ಮನ ಹೆಸರು ಗೊತ್ತಿದ್ದರೆ ದಿನಾ ಬೆಳಗ್ಗೆ ಅವನಿಗೊಂದು ಕೈ ಮುಗಿದೇ ನೀರು ಕುಡಿಯುತ್ತಿದ್ದೆ.

ಎಲೆ ಅಡಿಕೆಯ ಚಂಚಿಯ ಮಾತು ತೆಗೆದರಂತೂ ನಾನು ಬೇಗ ನಿಲ್ಲಿಸುವವನಲ್ಲ. ಎಲೆಗೆ ಅಗಲವಾದ ಮನೆ, ಅಡಿಕೆಗೆ ಆಳವಾದ ಮನೆ, ಸುಣ್ಣದ ಡಬ್ಬಿ ಕಳೆಯದಂತೆ ಅದಕ್ಕೊಂದು ದಾರ, ಎಲ್ಲಕ್ಕಿಂತ ಒಳಗೆ ತಂಬಾಕಿಗೊಂದು ಕಳ್ಳಮನೆ. ಮಾವನವರ ಎದುರಿಗೆ ಚಂಚಿ ಬಿಚ್ಚಿದರೂ ಅಳಿಯನ ಗುಟ್ಟು ಬಿಚ್ಚಬಾರದು, ನೋಡಿ, ಆ ಮುಂದಾಲೋಚನೆ. ತಳಕಲ್ಲಿನ ಒಂದು ಮದುವೆಯಲ್ಲಿ ಅಪರಿಚಿತ ಹಿರಿಯರೊಬ್ಬರ ಚಂಚಿಯನ್ನು ಇಸಿದುಕೊಂಡು, ಅದರ ಒಂದೊಂದು ಮನೆಗೂ ಬೆರಳು ಹಾಕಿ ನೋಡುತ್ತ ಕುಳಿತುಬಿಟ್ಟೆ. ಅಕ್ಕಿಕಾಳು ಬಿತ್ತು, ಊಟದ ಪಂಕ್ತಿ ಎದ್ದಿತು, ನನ್ನ ಪರೀಕ್ಷೆ ಮುಗಿದಿರಲಿಲ್ಲ. ಕೊನೆಗೆ ಆ ಹಿರಿಯರೇ ಸೋತು, “ಇರ್ಲಿ ಬಿಡ್ರಿ ತಮ್ಮಾರ, ನೀವ ಇಟ್ಕೋರಿ” ಎಂದರು. ಆ ದಿನ ಕೊಪ್ಪಳ ಮುಟ್ಟುವ ತನಕ ನೀಲವ್ವ ಗಾಡಿಯಲ್ಲಿ ಎತ್ತಿನ ಬಾಲಗಳನ್ನು ನೋಡುತ್ತ ಕುಳಿತಿದ್ದಳು, ನನ್ನ ಕಡೆ ತಿರುಗಲಿಲ್ಲ.

ಇಂಥವನ ಕಾಲಿಗೆ ಹೊಸ ಚಪ್ಪಲಿ ಬಂದರೆ ಏನಾಗಬೇಕು? ಅದೇ ಆಯಿತು. ನಾನು ಕೊಪ್ಪಳದ ತಹಶೀಲು ಕಚೇರಿಯಲ್ಲಿ ಕಾರಕೂನ. ನನ್ನ ಹಳೆಯ ಜೋಡು ಕುಷ್ಟಗಿಯ ಕಡೆ ಕಚೇರಿ ಕೆಲಸದ ದೌರೆಗೆ ಹೋದಾಗ ಜಾಲಿಮುಳ್ಳಿನೊಡನೆ ಹೋರಾಡಿ ಪ್ರಾಣ ಬಿಟ್ಟಿತು. ಪಕ್ಕದ ಭಾಗ್ಯನಗರದ ದುರ್ಗಪ್ಪನಿಗೆ ಹೇಳಿ ಹೊಸದು ಮಾಡಿಸಿದೆ. ಅವನು ಅದನ್ನು ನನ್ನ ಮುಂದಿಟ್ಟಾಗ ನನಗೆ ಕಾಲಿಗೆ ಹಾಕಿಕೊಳ್ಳಬೇಕೆನ್ನಿಸಲಿಲ್ಲ, ಎತ್ತಿ ಮುದ್ದಾಡಬೇಕೆನ್ನಿಸಿತು. ಮುಂದಿನ ತುದಿ ತುಸು ಮೇಲಕ್ಕೆ ಬಾಗಿತ್ತು, ಎಡವಿದರೆ ಕಲ್ಲಿನ ಪೆಟ್ಟು ಚಪ್ಪಲಿ ತಿನ್ನಬೇಕು, ಬೆರಳು ತಿನ್ನಬಾರದು. ಎರಡು ಬದಿಗೂ ಕಿವಿಗಳ ಹಾಗೆ ತೊಗಲು ಚಾಚಿಕೊಂಡಿತ್ತು. ಹೊಲಿಗೆಯ ದಾರ ನೆಲಕ್ಕೆ ಉಜ್ಜಿ ಹರಿಯದಂತೆ ಅಟ್ಟೆಯಲ್ಲಿ ಸಣ್ಣ ಕಾಲುವೆ ಕೊರೆದು ದಾರವನ್ನು ಅದರೊಳಗೆ ಮಲಗಿಸಿದ್ದ. ಇಷ್ಟು ಸಾಲದೆಂಬಂತೆ ಅಟ್ಟೆಯ ಎರಡು ಪದರಗಳ ನಡುವೆ ಹುಣಸೆ ಬೀಜದಷ್ಟು ದೊಡ್ಡದೇನನ್ನೋ ಇಟ್ಟು ಹೊಲಿದಿದ್ದ. ಏನದು ಎಂದು ಕೇಳಿದೆ.

“ಅದು ಅದರ ನಾಲಿಗಿರಿ,” ಎಂದ ದುರ್ಗಪ್ಪ. “ಮೆಟ್ಟಿಕೊಂಡು ನಡೀರಿ, ಮಾತಾಡತೈತಿ.”

ಮೆಟ್ಟಿಕೊಂಡು ನಡೆದೆ. ಕಿರ್ರ್ ಎಂದಿತು ಎಡಗಾಲು. ಕಿರಿಕ್ ಎಂದಿತು ಬಲಗಾಲು. ಎಡದ್ದು ತುಸು ದಪ್ಪ ದನಿ, ಬಲದ್ದು ತೆಳ್ಳಗೆ. ಎಡಗಾಲು ಏನೋ ಕೇಳುವುದು, ಬಲಗಾಲು ಅದಕ್ಕೆ ಉತ್ತರ ಕೊಡುವುದು. ಈ ಸಂಭಾಷಣೆ ಬೇಗ ಮುಗಿಯಬಾರದೆಂದು ನಾನು ನೆಟ್ಟಗೆ ಮನೆಗೆ ಹೋಗಲಿಲ್ಲ. ಸ್ಟೇಶನ್ನಿನ ಕಡೆ ಹೋದೆ, ಯಾರನ್ನೂ ಕರೆತರುವುದಿರಲಿಲ್ಲ. ಬಜಾರಿಗೆ ಹೋದೆ, ಏನೂ ಬೇಕಾಗಿರಲಿಲ್ಲ. ಕೋಟೆಯ ಬುಡದವರೆಗೂ ಹೋಗಿ ಕೋಟೆ ಇದೆಯೆಂದು ಖಾತ್ರಿ ಮಾಡಿಕೊಂಡು ಬಂದೆ. ಪರಿಚಯದವರು ಎದುರಾದರೆ ನಿಂತು ಮಾತಾಡದೆ ನಡೆಯುತ್ತಲೇ ಮಾತಾಡಿಸಿದೆ, ಯಾಕೆಂದರೆ ನಿಂತರೆ ಚಪ್ಪಲಿಯ ಮಾತು ನಿಲ್ಲುತ್ತಿತ್ತು.

ಮರುದಿನ ಕಚೇರಿಯಲ್ಲಿ ಇನ್ನೂ ಸೊಗಸು. ಬೇವೂರು, ಯಲಬುರ್ಗಾ ಕಡೆಯಿಂದ ಬಂದ ರೈತರು ಜಗಲಿಯ ಮೇಲೆ ಕುಳಿತಿದ್ದರು. ನನ್ನ ಸಪ್ಪಳ ಕೇಳಿ, ಸಾಕ್ಷಾತ್ ತಹಶೀಲ್ದಾರ ಸಾಹೇಬರೇ ಬಂದರೆಂದು ಎಲ್ಲರೂ ಎದ್ದು ಕೈ ಮುಗಿದರು. ಆಮೇಲೆ ಮುಖ ನೋಡಿ ಕುಳಿತರು. ಆದರೆ ಎದ್ದದ್ದು ಎದ್ದದ್ದೇ ತಾನೆ? ನನ್ನ ಪಕ್ಕದಲ್ಲಿ ಕೂರುವ ಖಾದರ್ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. “ಏನ್ರಿ ಶಿವಪ್ಪಾರ, ದೊಡ್ಡ ಸಾಹೇಬ್ರು ಬಂದ್ರ ಬೂಟಿನ ಸಪ್ಪಳಾನ ಇಲ್ಲ. ನೀವು ಬಂದ್ರ ಬಾಜಾ ಹಚ್ಚಿ ಪೂರಾ ಜುಲೂಸ್ ಬಂದಂಗ ಆಗತೈತಿ,” ಎಂದರು. ಅಸೂಯೆ ಎಂದುಕೊಂಡೆ.

ಮನೆಯಲ್ಲಿ ನೀಲವ್ವ, “ಓಣಿ ನಾಯಿ ಸೈತ ನಿಮ್ಮ ಚಪ್ಪಲಿ ಕೇಳಿ ಎದ್ದು ಕೂಡತಾವ” ಎಂದಳು. ನಾನು ಅವಳಿಗೆ ರುಬಾಬು ಎಂದರೇನೆಂದು ವಿವರಿಸಿದೆ. ಮನೆಯ ಯಜಮಾನ ಎಂಬುವನು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳಬೇಕು, ದುರ್ಗಪ್ಪ ಆ ನಾಲಿಗೆ ಇಟ್ಟದ್ದು ಅದಕ್ಕೇ, ಎಂದೆ. ಮೂಲೆಯಲ್ಲಿ ಕೌದಿ ಹೊಲಿಯುತ್ತಿದ್ದ ಅವ್ವ ನಕ್ಕಳು. ನನ್ನ ಮಾತಿಗೆ ಪುರಾವೆಯೂ ಕಣ್ಣೆದುರಿಗೇ ಇತ್ತು. ನಾನು ಯಾವ ಹೊತ್ತಿಗೆ ಬಂದರೂ ನೀಲವ್ವ ತಲೆಯ ಮೇಲೆ ಸೆರಗು ಹೊದ್ದು ಜೋಳ ಹಸನು ಮಾಡುತ್ತಿರುತ್ತಿದ್ದಳು. ಕೆಮ್ಮಿನ ಕಾರಣಕ್ಕೆ ಹಕೀಮರು ಖಾರ, ಹುಳಿ ಬಂದ್ ಮಾಡಿಸಿದ್ದ ಅವ್ವ, ಗೋಡೆಗೆ ಒರಗಿ ಗಂಜಿಯ ಬಟ್ಟಲು ಹಿಡಿದಿರುತ್ತಿದ್ದಳು. ಇಂಥ ಶಿಸ್ತಿನ ಮನೆ ಊರಲ್ಲಿ ಇನ್ನೊಂದಿಲ್ಲ ಎಂದು ನಾನು ಎದೆ ಉಬ್ಬಿಸಿ ಕಾಲು ತೊಳೆಯುತ್ತಿದ್ದೆ.

ಇದೇ ಮಾತನ್ನು ನಮ್ಮಪ್ಪನೂ ಹೇಳುತ್ತಿದ್ದ, ಅದು ನೆನಪಾದರೆ ನನಗೆ ನಗು ಬರುತ್ತಿತ್ತು. ಅಪ್ಪನ ಚಪ್ಪಲಿಗೂ ಇಂಥದೇ ಸಪ್ಪಳವಿತ್ತು. ಓಣಿಯ ತಿರುವಿನಲ್ಲಿ ಅದು ಕೇಳಿಸಿದ್ದೇ ತಡ, ಕಾಕಾ ಬೀಡಿ ಆರಿಸುತ್ತಿದ್ದ, ಕಾಕು ಚೌಕಾಬಾರಾದ ಕವಡೆಗಳನ್ನು ಸೆರಗಿಗೆ ಬಾಚಿಕೊಳ್ಳುತ್ತಿದ್ದಳು, ನಾನು ಮಾಳಿಗೆಯಿಂದ ಇಳಿದು ಪುಸ್ತಕದ ಮುಂದೆ ಬೀಳುತ್ತಿದ್ದೆ. ಅಪ್ಪ ಒಳಗೆ ಬರುವಷ್ಟರಲ್ಲಿ ಎಲ್ಲರೂ ಚಿತ್ರ ಬರೆದಂತೆ ಅವರವರ ಜಾಗದಲ್ಲಿ. ಪಾಪ, ಎಂಥ ಮುಗ್ಧ ಮನುಷ್ಯ ನಮ್ಮಪ್ಪ, ಎಂದುಕೊಳ್ಳುತ್ತ ನಾನು ಕಿರ್ರ್ ಕಿರಿಕ್ ಎಂದು ಮನೆಗೆ ಬರುತ್ತಿದ್ದೆ. ನನ್ನ ಬುದ್ಧಿ ಕೆಲಸ ಮಾಡುವ ರೀತಿಯೇ ಹೀಗೆ.

ತೊಂದರೆ ಶುರುವಾದದ್ದು ಪ್ರೀತಿಯಿಂದ. ಮೇಲಿನ ಪಟ್ಟಿಗೆ ಆಗಾಗ ಒಂಚೂರು ಔಡಲೆಣ್ಣೆ ಹಚ್ಚಿರಿ, ಮೆತ್ತಗಿರತೈತಿ, ಎಂದು ದುರ್ಗಪ್ಪ ಹೇಳಿದ್ದ. ಅಷ್ಟು ಚೆಂದದ ವಸ್ತುವಿಗೆ ಒಂಚೂರು ಹಚ್ಚಲು ನನಗೆ ಮನಸ್ಸು ಬರಲಿಲ್ಲ. ಒಂದು ರಜೆಯ ದಿನ ಪಟ್ಟಿಗೆ, ಕಿವಿಗೆ, ಅಟ್ಟೆಗೆ, ಅಂಚಿಗೆ, ಬಾಣಂತಿ ಮನೆಯ ಕೂಸಿಗೆ ನೀವಿದಂತೆ ನೀವಿ, ಬಿಸಿಲಿಗಿಟ್ಟು, ಕುಡಿದಷ್ಟೂ ಮತ್ತೆ ಕುಡಿಸಿದೆ. ಮಾರನೆಯ ಬೆಳಗ್ಗೆ ಮೆಟ್ಟಿಕೊಂಡು ನಡೆದರೆ ಎಡಗಾಲು ಏನನ್ನೂ ಕೇಳಲಿಲ್ಲ, ಬಲಗಾಲು ಏನನ್ನೂ ಹೇಳಲಿಲ್ಲ. ಕುಣಿದು ನೋಡಿದೆ, ಒತ್ತಿ ನೋಡಿದೆ. ಬೆಕ್ಕಿನ ನಡಿಗೆ ನನ್ನದಾಗಿತ್ತು.

ಆ ನಡಿಗೆಯಲ್ಲೇ ಕಚೇರಿಗೆ ಹೋದೆ. ಜಗಲಿಯ ಮೇಲೆ ಯಾರೂ ಏಳಲಿಲ್ಲ. ಒಳಗೆ ಖಾದರ್ ಸಾಹೇಬರು ಬೆಂಚಿನ ಮೇಲೆ ಕಾಲು ಚಾಚಿ ನಿದ್ದೆ ಮಾಡುತ್ತಿದ್ದರು. ನನ್ನ ನೆರಳು ಮುಖದ ಮೇಲೆ ಬಿದ್ದೊಡನೆ ದೊಡ್ಡ ಸಾಹೇಬರೇ ಬಂದರೆಂದು ದಿಗ್ಗನೆದ್ದು ಬಗ್ಗಿ ನನಗೆ ಸಲಾಮು ಹೊಡೆದರು. ಹೊಡೆದ ಸಲಾಮನ್ನು ವಾಪಸು ತೆಗೆದುಕೊಳ್ಳಲು ಬಾರದೆ ದಿನವಿಡೀ ನನ್ನೊಡನೆ ಮಾತು ಬಿಟ್ಟರು. ಸಂಜೆ ಮನೆಗೆ ಬಂದೆ. ಒಳಗಿನಿಂದ ಒಂದು ನಗು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಗುವ ನಗು. ಯಾರು ಬಂದಿದ್ದಾರೆಂದು ಇಣುಕಿದೆ. ನಕ್ಕವಳು ನೀಲವ್ವ. ಪಕ್ಕದ ಮನೆಯ ಹೆಂಗಸರ ನಡುವೆ ಕಾಲು ಚಾಚಿ, ಬಾಯಿ ತುಂಬ ಎಲೆ ಹಾಕಿಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ನಗುವನ್ನೂ ಎಲೆಯ ರಸವನ್ನೂ ಒಟ್ಟಿಗೆ ನುಂಗಿದಳು. ಬಿಕ್ಕಳಿಕೆ ಹತ್ತಿತು. ಗೆಳತಿಯರು ಹಿತ್ತಲ ಬಾಗಿಲಿನಿಂದ ಮಾಯವಾದರು. ನೀರು ತರೋಣವೆಂದು ಅಡಿಗೆಮನೆಗೆ ಓಡಿದರೆ ಅಲ್ಲಿ ಅವ್ವ, ಮಾವಿನ ಉಪ್ಪಿನಕಾಯಿಯ ಭರಣಿಯಲ್ಲಿ ಮುಂಗೈ ತನಕ ಕೈ ಇಳಿಸಿ ನಿಂತಿದ್ದಳು.

ಅಂದಿನಿಂದ ಮನೆಗೆ ಸೂತಕ ಹಿಡಿದಂತಾಯಿತು. ಎಲ್ಲರ ಕಣ್ಣೂ ಬಾಗಿಲ ಮೇಲೆ. ಗೆಳತಿಯರು ಬರುವುದು ನಿಂತಿತು. ಅವ್ವ ನಿಜವಾಗಿಯೂ ಗಂಜಿ ಕುಡಿಯತೊಡಗಿದಳು, ಅದನ್ನು ನೋಡುವುದು ಕಷ್ಟವಾಗಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ನಗು. ಮದುವೆಯಾಗಿ ಇಷ್ಟು ವರ್ಷವಾದರೂ ನೀಲವ್ವ ಹಾಗೆ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅಷ್ಟು ಒಳ್ಳೆಯ ವಸ್ತು ನನ್ನ ಮನೆಯಲ್ಲೇ ಇದ್ದು, ಎಲ್ಲರ ತಂಬಿಗೆ ನೋಡಿದ ನಾನು ಅದನ್ನು ನೋಡಿರಲಿಲ್ಲ. ನೋಡಿದ ದಿನವೇ ಅದು ನಿಂತುಹೋಯಿತು. ನನಗೆ ಬಹಳ ಬೇಸರವಾಯಿತು.

ಒಂದು ದಿನ ನೀಲವ್ವ ನೇರವಾಗಿಯೇ ಹೇಳಿದಳು. “ಕಳ್ಳನ ಹಂಗ ಬರಬ್ಯಾಡ್ರಿ. ಆ ಚಪ್ಪಲಿಗೆ ಬಾಯಿ ಬರಿಸಿಕೊಂಡು ಬರ್ರಿ, ಇಲ್ಲಾಂದ್ರ ಓಣಿ ತಿರುವಿನಾಗ ನಿಂತು ಕೆಮ್ಮರಿ.”

“ರುಬಾಬು ಅಂತಿದ್ದಲ್ಲೋ ತಮ್ಮಾ,” ಎಂದಳು ಅವ್ವ. “ಆ ಸಪ್ಪಳ ಇಟ್ಟಿದ್ದು ಮೆಟ್ಟಿಕೊಳ್ಳಾಂವಗಲ್ಲ, ಮನ್ಯಾಗ ಇರೋರಿಗೆ.”

“ಹಂಗಾದ್ರ ಅಪ್ಪಗ ಇದು ತಿಳೀಲೇ ಇಲ್ಲಲ್ಲಬೇ.”

“ಯಾಕ ತಿಳೀಲಿಲ್ಲ? ತಿರುವಿನ ತನಕ ಸುಮ್ಮನ ಬರ್ತಿದ್ರು. ಅಲ್ಲಿ ಒಂದೀಟು ನಿಂತು, ಆಮ್ಯಾಲ ಕಾಲ ಒತ್ತಿ ಒತ್ತಿ ಬರ್ತಿದ್ರು. ನಿಮ್ಮ ಕಾಕಾನ ಬೀಡಿ ಆರಬೇಕಲ್ಲ.”

ಅಪ್ಪನಿಗೆ ನಾನು ಕೊಟ್ಟಿದ್ದ ಮುಗ್ಧ ಮನುಷ್ಯ ಎಂಬ ಹೆಸರಿಗೆ ಬೇರೆ ಹಕ್ಕುದಾರ ಸಿಕ್ಕಿದ್ದ. ಚಪ್ಪಲಿ ಎತ್ತಿಕೊಂಡು ಭಾಗ್ಯನಗರಕ್ಕೆ ಓಡಿದೆ. ದುರ್ಗಪ್ಪ ಅದನ್ನು ಬಗ್ಗಿಸಿ, ಕಿವಿಗೆ ಹಿಡಿದು, ತಲೆಯಾಡಿಸಿದ. “ಹೊಟ್ಟಿ ತುಂಬ ಕುಡಿಸೀರಿ. ಈಗ ಮಾತಾಡಂಗಿಲ್ಲರಿ. ಬಿಸಲಾಗ ತಿರಗ್ಯಾಡ್ರಿ, ಅದಕ್ಕ ಮನಸ ಬಂದಾಗ ಬಾಯಿ ಬಿಡತೈತಿ.”

ಅದಕ್ಕೆ ಮನಸ್ಸು ಬರುವ ತನಕ ಕೆಮ್ಮುವುದೆಂದು ನಿಶ್ಚಯಿಸಿದೆ. ತಿರುವಿನಲ್ಲಿ ನಿಂತು ಗಟ್ಟಿಯಾಗಿ, ಯಜಮಾನನಿಗೆ ಒಪ್ಪುವಂತೆ ಕೆಮ್ಮಿದೆ. ಮೊದಲ ದಿನ ಓಣಿಯವರು ಹೊರಗೆ ಬಂದು ಏನಾಯಿತೆಂದು ಕೇಳಿದರು. ಆಮೇಲೆ ಕಷಾಯ ಕಳಿಸಿದರು. ಕೊನೆಗೆ ಹಕೀಮರೇ ಆ ದಾರಿಯಲ್ಲಿ ಬಂದು, ನಿಂತು ಕೇಳಿ, ಇದು ತಾಯಿಯಿಂದ ಬಂದ ಕೆಮ್ಮು ಎಂದು ತೀರ್ಮಾನಿಸಿ ನನಗೂ ಖಾರ, ಹುಳಿ ಬಂದ್ ಮಾಡಿದರು. “ಉಪ್ಪಿನಕಾಯಿ ಬಿಟ್ಟಬಿಡು ತಮ್ಮಾ,” ಎಂದು ಅವ್ವ ಕಳಕಳಿಯಿಂದ ಭರಣಿಯನ್ನು ನನ್ನ ಮುಂದಿನಿಂದ ಎತ್ತಿಟ್ಟಳು. ಆದರೆ ಕೆಮ್ಮು ಕೆಲಸ ಮಾಡಿತು. ಗೆಳತಿಯರು ಮತ್ತೆ ಬರತೊಡಗಿದರೆಂದು ಪಡಸಾಲೆಯಲ್ಲಿ ಬಿದ್ದ ಅಡಿಕೆ ಚೂರುಗಳಿಂದ ತಿಳಿದುಕೊಂಡೆ. ನಗು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಬೀಳುವುದಾದರೂ ಹೇಗೆ, ನಾನು ಕೆಮ್ಮಿ ಬರುತ್ತಿದ್ದೆನಲ್ಲ.

ಒಂದು ಸಂಜೆ ಗಂಟಲು ಕಟ್ಟಿ, ಕೆಮ್ಮಲು ಹೋದರೆ ದನಿಯೇ ಹೊರಡಲಿಲ್ಲ. ಸದ್ದಿಲ್ಲದೆ ಬಾಗಿಲವರೆಗೆ ಬಂದುಬಿಟ್ಟಿದ್ದೆ. ಆಗ ಕೇಳಿಸಿತು: ಕಿರ್ರ್. ಕಿರಿಕ್. ಸಂತೋಷದಿಂದ ನನ್ನ ಕಾಲು ನೋಡಿಕೊಂಡೆ. ಕಾಲು ನಿಂತೇ ಇತ್ತು. ಸಪ್ಪಳ ಒಳಗಿನಿಂದ ಬರುತ್ತಿತ್ತು.

ಬಾಗಿಲ ಸಂದಿಯಿಂದ ನೋಡಿದೆ. ಪಡಸಾಲೆಯ ಮಧ್ಯೆ ನೀಲವ್ವ ಸೆರಗನ್ನು ರುಮಾಲಿನಂತೆ ಸುತ್ತಿಕೊಂಡು, ಎದೆ ಉಬ್ಬಿಸಿ ನಡೆಯುತ್ತಿದ್ದಳು. ಬಾಯಲ್ಲೇ ಚಪ್ಪಲಿಯ ಸಪ್ಪಳ. ಎಡಗಾಲಿಗೆ ದಪ್ಪ, ಬಲಗಾಲಿಗೆ ತೆಳ್ಳಗೆ. ಆ ವ್ಯತ್ಯಾಸ ನನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಆಮೇಲೆ ಒಂದು ತಂಬಿಗೆ ಎತ್ತಿ, ತಿರುಗಿಸಿ ನೋಡಿ, “ಆಹಾಹಾ, ಏನ ಕಂಠ, ಏನ ಮಾಟ” ಎಂದಳು. ಗೆಳತಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಭರಣಿಯ ಮುಚ್ಚಳ ಸದ್ದಾಯಿತು. ಸಪ್ಪಳ ಕೇಳಿ ನಾನೇ ಬಂದೆನೆಂದು ತಿಳಿದ ಅವ್ವ, ಸೆರಗಿಗೆ ಕೈ ಒರೆಸುತ್ತ, ತಪ್ಪದೆ ಒಂದು ಕೆಮ್ಮು ಕೆಮ್ಮುತ್ತ ಬಂದು, “ಬಂದ್ಯೇನಪ್ಪಾ?” ಎಂದಳು. ಎದುರಿಗೆ ಸೊಸೆ ರುಮಾಲು ಸುತ್ತಿ ನಿಂತಿದ್ದಳು. ಅವ್ವನೂ ನಗಲು ಶುರು ಮಾಡಿದಳು.

ನಾನು ಹೊರಗೆ ನಿಂತಿದ್ದೆ. ಆದರೆ ಒಳಗೆ ಆಗಲೇ ಬಂದುಬಿಟ್ಟಿದ್ದೆ, ತಂಬಿಗೆಯನ್ನೂ ಹೊಗಳಿದ್ದೆ, ನಿಜವಾಗಿ ಬಂದಾಗ ಎಂದೂ ಆಗದಷ್ಟು ಸಂತೋಷ ಎಲ್ಲರಿಗೂ ಕೊಟ್ಟಿದ್ದೆ. ಇನ್ನೊಬ್ಬ ಶಿವಪ್ಪ ಒಳಗೆ ಹೋದರೆ ಗದ್ದಲವಾಗುತ್ತಿತ್ತು. ತುದಿಗಾಲಲ್ಲಿ ತಿರುವಿನ ತನಕ ಹಿಂದೆ ಹೋಗಿ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ಒಂದಿಷ್ಟು ನಿಂತು, ಕಟ್ಟಿದ ಗಂಟಲಿನಿಂದ ಹೊರಟಷ್ಟು ಕೆಮ್ಮಿ, ಕಾಲು ಒತ್ತಿ ಒತ್ತಿ ಬಂದೆ.

ಗೆಳತಿಯರು ಹಿತ್ತಲ ದಾರಿ ಹಿಡಿದಿದ್ದರು. ನೀಲವ್ವ ತಲೆಯ ಮೇಲೆ ಸೆರಗು ಹೊದ್ದು ಜೋಳ ಹಸನು ಮಾಡುತ್ತಿದ್ದಳು. ಅವ್ವ ಗಂಜಿ ಹಿಡಿದಿದ್ದಳು, ಬಟ್ಟಲು ಬರಿದಾಗಿತ್ತು. ನೀಲವ್ವ ಎದ್ದು ಕುಡಿಯಲು ನೀರು ಕೊಟ್ಟಳು, ಅದೇ ತಂಬಿಗೆ. ಸುಮ್ಮನೆ ಕುಡಿದು ಕೆಳಗಿಡಬೇಕೆಂದೇ ಇದ್ದೆ. ಕೈ ಕೇಳಲಿಲ್ಲ. ತಿರುಗಿಸಿ ನೋಡಿ, “ಏನ ಕಂಠ, ಏನ ಮಾಟ” ಎಂದೆ.

ಅವ್ವ ಸೊಸೆಯ ಮುಖ ನೋಡಿದಳು. ಆಮೇಲೆ ನೀಲವ್ವ ಆ ನಗು ನಕ್ಕಳು. ನನ್ನ ಎದುರಿಗೇ, ಗೋಡೆ ಹಿಡಿದುಕೊಂಡು, ಕಾಲು ತಾಗಿ ಮೊರದ ಜೋಳವೆಲ್ಲ ಪಡಸಾಲೆಯ ತುಂಬ ಚೆಲ್ಲುವಂತೆ. ಅವ್ವ ಬರಿ ಬಟ್ಟಲು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ನನಗೂ ತಡೆಯಲಾಗದೆ ದನಿಯಿಲ್ಲದ ಗಂಟಲಿನಿಂದ ನಕ್ಕೆ. ಉಸಿರು ತಿರುಗಿದ ಮೇಲೆ ನೀಲವ್ವ ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಹಂಗಲ್ರಿ,” ಎಂದಳು. “ನೀವು ಮೊದಲ ಹುಬ್ಬ ಏರಸ್ತೀರಿ, ಆಮ್ಯಾಲ ತಿರಗಸ್ತೀರಿ. ಇನ್ನೊಮ್ಮೆ ಮಾಡ್ರಿ.”

ನಾನು ಹುಬ್ಬು ಏರಿಸಿ ಇನ್ನೊಮ್ಮೆ ಮಾಡಿದೆ. ಅವಳಷ್ಟು ಚೆನ್ನಾಗಿ ಬರಲಿಲ್ಲ.